ಕಾಫಿ ಬೀಜ ಅಗಿಯುವ ಜನ

ಕಳೆದ ಸಂಚಿಕೆಯಲ್ಲಿ ಹಜರತ್ ಬಾಬಾ ಬುಡನ್ ಅವರು ಯಮನ್ ದೇಶದಿಂದ ಏಳು ಕಾಫಿ ಬೀಜ ತಂದ ಕಥೆಯನ್ನು ನಮ್ಮ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಚೆನ್ನಾಗಿ ಬರೆದಿದ್ದಳು. ಅದನ್ನು ಸಮಾಜಶಾಸ್ತ್ರದ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: “ಮೇಡಂ, ಕಾಫಿ ಗಿಡ ಮೊದಲು ಆಫ್ರಿಕಾದ್ದು ಅಂತೀರಿ. ಹಾಗಾದ್ರೆ ಅರಬರು ಕುಡಿಯೋದಕ್ಕೂ ಮೊದಲು ಆಫ್ರಿಕಾದವರು ಅದನ್ನ ಏನು ಮಾಡ್ತಿದ್ರು?” ಒಳ್ಳೆಯ ಪ್ರಶ್ನೆ. ಮುಂದಿನ ತರಗತಿಯಲ್ಲಿ ಉತ್ತರ ಹೇಳುತ್ತೇನೆ ಎಂದು ಆ ದಿನ ತಪ್ಪಿಸಿಕೊಂಡೆ. ಹುಡುಕುತ್ತಾ ಹೋದಾಗ ಸಿಕ್ಕವರು ಹಾಯಾ ಜನ. ಅವರ ಬಗ್ಗೆ ಮೂರು ಪಿರಿಯಡ್ ಮಾತಾಡಿದರೂ ಮುಗಿಯಲಿಲ್ಲ. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಭೂಪಟದಲ್ಲಿ ತಾಂಜಾನಿಯ ದೇಶವನ್ನು ಹುಡುಕಿ. ಅದರ ವಾಯವ್ಯ ಮೂಲೆಯಲ್ಲಿ, ವಿಕ್ಟೋರಿಯಾ ಸರೋವರದ ಪಶ್ಚಿಮ ದಡದಲ್ಲಿ ಕಗೇರಾ ಪ್ರಾಂತವಿದೆ. ಬುಕೋಬಾ ಅದರ ಮುಖ್ಯ ಪಟ್ಟಣ. ಉತ್ತರಕ್ಕೆ ಹೋದರೆ ಉಗಾಂಡ, ಪಶ್ಚಿಮಕ್ಕೆ ಹೋದರೆ ರುವಾಂಡ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ನಾಡು. ಸಮಭಾಜಕ ವೃತ್ತದ ಪಕ್ಕದಲ್ಲೇ ಇದ್ದರೂ ಸುಡುವ ಬಿಸಿಲಿಲ್ಲ. ವರ್ಷಕ್ಕೆ ಎರಡು ಮಳೆಗಾಲ. ಹತ್ತು ಲಕ್ಷಕ್ಕೂ ಹೆಚ್ಚು ಹಾಯಾಗಳ ನೆಲೆ ಇದು.

ಅವರ ಭಾಷೆ ಬಾಂಟು ಕುಟುಂಬಕ್ಕೆ ಸೇರಿದ್ದು. ನಾವು ‘ಕೊಡವ’, ‘ಕೊಡವರು’, ‘ಕೊಡಗು’ ಎಂದು ಪದದ ಕೊನೆಯನ್ನು ಬದಲಿಸುತ್ತೇವೆ. ಅವರು ಪದದ ತಲೆಯನ್ನು ಬದಲಿಸುತ್ತಾರೆ. ಒಬ್ಬನಾದರೆ ಮುಹಾಯಾ, ಹಲವರಾದರೆ ಬಹಾಯಾ, ಅವರ ನಾಡು ಬುಹಾಯಾ, ಭಾಷೆ ಲುಹಾಯಾ. ಈ ಒಂದು ಸೂತ್ರ ಗೊತ್ತಿದ್ದರೆ ಆ ಕಡೆಯ ಅರ್ಧ ಊರು, ಅರ್ಧ ಜನಾಂಗದ ಹೆಸರುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಈಗ ಕಾಫಿಯ ವಿಷಯ. ಹಾಯಾಗಳು ಕಾಫಿಯನ್ನು ಕುಡಿಯುತ್ತಿರಲಿಲ್ಲ, ಅಗಿಯುತ್ತಿದ್ದರು. ಈಗಲೂ ಅಗಿಯುತ್ತಾರೆ. ನಾವು ಬಾಬಾ ಬುಡನ್ ಗಿರಿಯೊಂದಿಗೆ ಜೋಡಿಸುವ ಅರೇಬಿಕ ಅಲ್ಲ ಅದು, ರೊಬಸ್ಟಾ. ನಮ್ಮ ಕ್ಯಾಂಟೀನಿನ ಕಾಫಿಪುಡಿಯಲ್ಲಿ ಅರೇಬಿಕದ ಜೊತೆ ಬೆರೆಸುವ ಗಟ್ಟಿ ರುಚಿಯ ಜಾತಿ. ಹಾಯಾಗಳು ಹಸಿರು ಕಾಯಿಯನ್ನು ಕಿತ್ತು, ಗಿಡಮೂಲಿಕೆಯ ಎಲೆಗಳ ಜೊತೆ ಬೇಯಿಸಿ, ಒಣಗಿಸಿ, ಬಾಳೆಯ ನಾರಿನಲ್ಲಿ ಸಣ್ಣ ಪೊಟ್ಟಣ ಕಟ್ಟಿಡುತ್ತಾರೆ. ಇದಕ್ಕೆ ‘ಅಮ್ವಾನಿ’ ಎಂದು ಹೆಸರು. ಮನೆಗೆ ಬಂದವರ ಮುಂದೆ ಮೊದಲು ಇಡುವುದು ಇದನ್ನೇ. ನಮ್ಮಲ್ಲಿ ಎಲೆಅಡಿಕೆ ತಟ್ಟೆ ಇದ್ದ ಹಾಗೆ. ಕೊಡದಿದ್ದರೆ ಅವಮಾನ, ತೆಗೆದುಕೊಳ್ಳದಿದ್ದರೂ ಅವಮಾನ. ತಮಾಷೆಯೆಂದರೆ, ಕಾಫಿಗೆ ಸ್ವಾಹಿಲಿ ಭಾಷೆಯಲ್ಲಿ ‘ಕಹಾವಾ’ ಎನ್ನುತ್ತಾರೆ. ಅದು ಅರಬಿಯ ‘ಕಹ್ವಾ’. ಕರಾವಳಿಯಿಂದ ಕುಡಿಯುವ ಕಾಫಿಯ ಹೆಸರು ಒಳನಾಡಿಗೆ ಬಂದಾಗ, ಅಗಿಯುವ ಕಾಫಿಗೆ ಅಲ್ಲಿ ಬೇರೆಯೇ ಹೆಸರು ಆಗಲೇ ಇತ್ತು.

ಒಂದು ಕಾಫಿ ಹಣ್ಣಿನೊಳಗೆ ಎರಡು ಬೀಜ ಒಂದಕ್ಕೊಂದು ಅಂಟಿಕೊಂಡಿರುತ್ತವಲ್ಲ? ಹಿಂದಿನ ಕಾಲದಲ್ಲಿ ಒಡಹುಟ್ಟದ ಇಬ್ಬರು ಅಣ್ಣತಮ್ಮಂದಿರಾಗಬೇಕೆಂದರೆ, ಹೊಟ್ಟೆಯ ಮೇಲೆ ಚಿಕ್ಕ ಗೀರು ಎಳೆದುಕೊಂಡು, ಆ ಬೀಜಕ್ಕೆ ತಮ್ಮ ರಕ್ತ ಸವರಿ, ಒಬ್ಬನದನ್ನು ಇನ್ನೊಬ್ಬ ನುಂಗುತ್ತಿದ್ದ. ಆಮೇಲೆ ಅವರ ಮನೆಗಳೂ ಮಕ್ಕಳೂ ಒಂದೇ. ರಕ್ತ ನಮಗೆ ಹರಾಮ್ ಎಂದು ನೀವು ಮುಖ ಸಿಂಡರಿಸುತ್ತೀರಿ, ತರಗತಿಯಲ್ಲೂ ಹಾಗೆಯೇ ಆಯಿತು. ನಾನು ಅದನ್ನು ಹೊಗಳುತ್ತಿಲ್ಲ. ಒಂದು ಬೀಜದ ಎರಡು ಹೋಳನ್ನು ನೋಡಿ ಅಣ್ಣತಮ್ಮನನ್ನು ಕಂಡವರ ಕಣ್ಣನ್ನು ಮಾತ್ರ ಗಮನಿಸಿ ಎನ್ನುತ್ತೇನೆ.

ಆದರೆ ಹಾಯಾಗಳ ಬದುಕಿನ ನಡುಮಧ್ಯೆ ಇರುವುದು ಕಾಫಿಯಲ್ಲ. ಬಾಳೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ‘ಕಿಬಾಂಜ’.

ಕಿಬಾಂಜ ಎಂದರೆ ಮನೆಯ ಸುತ್ತಲಿನ ತೋಟ. ಒಂದೆರಡು ಎಕರೆ ಇರಬಹುದು. ಮೇಲೆ ಅಲ್ಲಲ್ಲಿ ನೆರಳಿನ ಮರ, ಅದರ ಕೆಳಗೆ ಬಾಳೆ, ಬಾಳೆಯ ನೆರಳಲ್ಲಿ ಕಾಫಿ, ಕಾಫಿಯ ಬುಡದಲ್ಲಿ ಹುರುಳಿಕಾಯಿ ಜಾತಿಯ ಬೀನ್ಸ್, ಗೆಡ್ಡೆ. ನಡುವೆ ಒಂದು ಹಲಸಿನ ಮರವೂ ಇರಬಹುದು. ನಮ್ಮ ಮಲೆನಾಡಿನವರಿಗೆ ಇದನ್ನು ವರ್ಣಿಸುವುದೇ ಬೇಡ. ದೂರದಿಂದ ನೋಡಿದರೆ ಪ್ರಕೃತಿ ಕೈತುಂಬ ಕೊಟ್ಟ ನಾಡು ಎನಿಸುತ್ತದೆ. ಅದು ತಪ್ಪು. ಕಿಬಾಂಜದಿಂದ ನಾಲ್ಕು ಹೆಜ್ಜೆ ಹೊರಗೆ ಬಂದರೆ ‘ರ್ವೇಯ’ ಎಂಬ ಹುಲ್ಲುಗಾವಲು. ಮಳೆಗೆ ಸಾರವೆಲ್ಲ ತೊಳೆದುಹೋದ ಬಡ ಮಣ್ಣು. ತೋಟದ ಕೆಳಗೂ ಮೂಲತಃ ಇದ್ದದ್ದು ಅದೇ ಮಣ್ಣು. ಒಂದೇ ಮಳೆ, ಒಂದೇ ಕಲ್ಲು, ಒಂದೇ ಇಳಿಜಾರು. ಬೇಲಿಯ ಒಳಗೆ ಕಪ್ಪು ಮಣ್ಣು, ಹೊರಗೆ ನಿಸ್ಸಾರ.

ವ್ಯತ್ಯಾಸ ಮಾಡಿದ್ದು ಮನುಷ್ಯರು. ತಲೆಮಾರುಗಳ ಕಾಲ ರ್ವೇಯದ ಹುಲ್ಲನ್ನು ಕೊಯ್ದು ತಲೆಯ ಮೇಲೆ ಹೊತ್ತು ತಂದು ಬಾಳೆಯ ಬುಡಕ್ಕೆ ಹಾಸಿದ್ದಾರೆ. ದನಗಳು ಹಗಲು ರ್ವೇಯದಲ್ಲಿ ಮೇಯುತ್ತವೆ, ರಾತ್ರಿ ಮನೆಯ ಬಳಿ ಸಗಣಿ ಹಾಕುತ್ತವೆ. ಆ ಸಗಣಿ ತೋಟಕ್ಕೆ. ಅಡುಗೆಮನೆಯ ಬೂದಿ, ಬಾಳೆ ಸಿಪ್ಪೆ, ಕಡಿದ ಬಾಳೆ ದಿಂಡು ಎಲ್ಲವೂ ತೋಟಕ್ಕೆ. ಮನೆಯೊಳಗೆ ನೆಲದ ಮೇಲೆ ಹಾಸುವ ಹುಲ್ಲು ಕೂಡ ಹಳತಾದ ಮೇಲೆ ಅಲ್ಲಿಗೇ ಹೋಗುತ್ತದೆ. ಶಿರಸಿ, ಸಾಗರದ ಅಡಿಕೆ ತೋಟದವರಿಗೆ ‘ಸೊಪ್ಪಿನ ಬೆಟ್ಟ’ ಏನೋ, ಹಾಯಾಗಳಿಗೆ ರ್ವೇಯ ಅದು. ದೊಡ್ಡ ಬಯಲಿನ ಸಾರವನ್ನು ಚಿಕ್ಕ ತೋಟಕ್ಕೆ ಹಿಡಿಹಿಡಿಯಾಗಿ ಸಾಗಿಸುವ ಕೆಲಸ. ಒಂದು ಮನೆ ಖಾಲಿಯಾಗಿ ಈ ಸಾಗಾಟ ಕೆಲವು ವರ್ಷ ನಿಂತರೆ ತೋಟ ಸೊರಗುತ್ತದೆ. ಅಂದರೆ ಈ ಮಣ್ಣು ಪಿತ್ರಾರ್ಜಿತ ಎನ್ನುವುದು ಅರ್ಧ ಸತ್ಯ ಮಾತ್ರ. ಅದನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು.

ಹಾಗಾದರೆ ಮಾಡುವವರು ಯಾರು? ಬಾಳೆ ಮತ್ತು ಕಾಫಿ ಗಂಡಸರ ಬೆಳೆ. ಗೊನೆಯನ್ನೂ ಕಾಫಿಯ ಹಣವನ್ನೂ ನಿರ್ಧರಿಸುವವರು ಅವರು. ಬೀನ್ಸ್ ಬಿತ್ತುವುದು, ಕಳೆ ತೆಗೆಯುವುದು, ಹುಲ್ಲು ಹೊರುವುದು, ರ್ವೇಯದ ಬಡ ನೆಲದಲ್ಲಿ ಚಿಕ್ಕ ಹೊಲ ಅಗೆದು ನೆಲಗಡಲೆಯಂಥ ಕಾಳು ಬೆಳೆಯುವುದು ಹೆಂಗಸರ ಪಾಲು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಊಟವೆಂದರೆ ಹಸಿರು ಬಾಳೆಕಾಯಿ. ಅದಕ್ಕೆ ‘ಎಬಿತೋಕೆ’ ಎಂದು ಹೆಸರು. ಸಿಪ್ಪೆ ಸುಲಿದು ಬೀನ್ಸ್ ಜೊತೆ, ಇದ್ದರೆ ಸರೋವರದ ಮೀನಿನ ಜೊತೆ ಬೇಯಿಸುತ್ತಾರೆ. ನಮಗೆ ಅನ್ನವಿಲ್ಲದೆ ಊಟ ಹೇಗೆ ಊಟವಲ್ಲವೋ, ಅವರಿಗೆ ಬಾಳೆಯಿಲ್ಲದೆ ಹಾಗೆ. ಇನ್ನೊಂದು ಜಾತಿಯ ಬಾಳೆಹಣ್ಣನ್ನು ಮರದ ದೋಣಿಯಲ್ಲಿ ಹಾಕಿ, ಹುಲ್ಲು ಸೇರಿಸಿ, ಕಾಲಿನಿಂದ ತುಳಿದು ರಸ ತೆಗೆಯುತ್ತಾರೆ. ಹುದುಗುವ ಮೊದಲು ಅದು ಬರೀ ಸಿಹಿ ರಸ. ಜೋಳದ ಹಿಟ್ಟು ಹಾಕಿ ಹುದುಗಿಸಿದರೆ ‘ರುಬಿಸಿ’ ಎಂಬ ಮದ್ಯ. ಮದುವೆ, ಸಾವು, ರಾಜಿ ಪಂಚಾಯಿತಿ, ಹಳೆಯ ಪದ್ಧತಿಯಲ್ಲಿ ಅದಿಲ್ಲದೆ ಯಾವುದೂ ನಡೆಯುತ್ತಿರಲಿಲ್ಲ. ಅಂಥ ನಾಡಿನಲ್ಲಿ ಮುಸಲ್ಮಾನನಾಗಿ ಬದುಕುವುದು ದಿನದಿನದ ಪರೀಕ್ಷೆ ಎಂಬುದು ಹೇಳದೆಯೇ ತಿಳಿಯುತ್ತದೆ.

ನವೆಂಬರ್ ಮಳೆಯ ಹೊತ್ತಿಗೆ ‘ಸೆನೆನೆ’ ಬರುತ್ತವೆ. ಹಿಂಡುಹಿಂಡಾಗಿ ಹಾರಿ ಬರುವ ಹಸಿರು ಮಿಡತೆಗಳು. ರೆಕ್ಕೆ, ಕಾಲು ಕಿತ್ತು ಅವುಗಳ ಕೊಬ್ಬಿನಲ್ಲೇ ಹುರಿದು ತಿನ್ನುತ್ತಾರೆ. ಬುಕೋಬಾದ ಮಕ್ಕಳಿಗೆ ಅದು ಹಬ್ಬ. ನಗುವವರು ನಮ್ಮ ಮಲೆನಾಡಿನ ಚಿಗಳಿ ಚಟ್ನಿಯನ್ನು ನೆನಪಿಸಿಕೊಳ್ಳಲಿ; ಮಿಡತೆಗೆ ಹದೀಸಿನಲ್ಲೇ ಅನುಮತಿ ಬಂದಿದೆ ಎಂಬುದನ್ನೂ. ಹಳೆಯ ಪದ್ಧತಿಯಲ್ಲಿ ಈ ಮಿಡತೆಗಳನ್ನು ಹಿಡಿದು ತರುವವರು ಹೆಂಗಸರು, ತಿನ್ನುವವರು ಗಂಡಸರು. ಹೆಂಗಸರು ತಿನ್ನುವುದು ನಿಷಿದ್ಧವಾಗಿತ್ತು.

ಈ ಜನರನ್ನು ಜಗತ್ತಿನ ವಿದ್ವಾಂಸರು ಗಮನಿಸಿದ್ದು ಕಬ್ಬಿಣದಿಂದ. 1970ರ ದಶಕದಲ್ಲಿ ಪೀಟರ್ ಶ್ಮಿಟ್ ಎಂಬ ಅಮೆರಿಕದ ಪುರಾತತ್ವಜ್ಞರು ಹಾಯಾ ಹಿರಿಯರ ಬಾಯಿಮಾತಿನ ಚರಿತ್ರೆಯನ್ನು ಬರೆದುಕೊಳ್ಳುತ್ತಿದ್ದರು. ಕತುರುಕಾ ಎಂಬ ಊರಿನಲ್ಲಿ ‘ಕಾಯೀಜ’ ಎಂಬ ಒಂದು ಹಳೆಯ ಮರವಿತ್ತು. ಹೆಸರಿನ ಅರ್ಥ ಕಮ್ಮಾರಸಾಲೆಯ ಜಾಗ. ಹಿರಿಯರ ಕಥೆಯನ್ನು ನಂಬಿ ಅಲ್ಲಿ ಅಗೆದರೆ, ನಿಜವಾಗಿಯೂ ಬಹಳ ಪ್ರಾಚೀನವಾದ ಕಬ್ಬಿಣದ ಕೆಲಸದ ಕುರುಹು ಸಿಕ್ಕಿತು. ಬಳಿಕ ಹಳೆಯ ಕೆಲಸ ಗೊತ್ತಿದ್ದ ಮುದುಕರು ಮತ್ತೆ ಕುಲುಮೆ ಕಟ್ಟಿ ತೋರಿಸಿದರು. ಜೌಗಿನ ಹುಲ್ಲನ್ನು ಗುಂಡಿಯಲ್ಲಿ ಸುಟ್ಟು ಕರಿ ಮಾಡಿ ತಳಕ್ಕೆ ಹಾಕುವುದು, ತಿದಿಗಳಿಗೆ ಜೋಡಿಸಿದ ಮಣ್ಣಿನ ಕೊಳವೆಗಳನ್ನು ಕುಲುಮೆಯ ಒಳಗೆ ಆಳಕ್ಕೆ ತಳ್ಳುವುದು. ಹೀಗಾಗಿ ಊದಿದ ಗಾಳಿ ಬೆಂಕಿಯನ್ನು ತಲುಪುವ ಮೊದಲೇ ಕೊಳವೆಯಲ್ಲಿ ಕಾಯುತ್ತದೆ. ಕಾದ ಗಾಳಿಯಿಂದ ಶಾಖ ಏರುತ್ತದೆ. ಸುಮಾರು 1500ರಿಂದ 2000 ವರ್ಷಗಳ ಹಿಂದೆಯೇ ಇಲ್ಲಿ ಹೀಗೆ ಇಂಗಾಲ ಸೇರಿದ ಉಕ್ಕು ತಯಾರಾಗುತ್ತಿತ್ತು ಎಂದು ಶ್ಮಿಟ್ ಮತ್ತು ಲೋಹತಜ್ಞ ಡೊನಾಲ್ಡ್ ಏವರಿ 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಗಾಳಿ ಎಷ್ಟು ಕಾಯುತ್ತಿತ್ತು ಎಂಬುದರ ಬಗ್ಗೆ ಬೇರೆ ವಿದ್ವಾಂಸರು ಜಗಳವಾಡಿದ್ದಾರೆ, ಅದು ಇರಲಿ. ವಿಜ್ಞಾನ ವಿಭಾಗದ ಮಕ್ಕಳು ಬ್ಲಾಸ್ಟ್ ಫರ್ನೇಸ್ ಪಾಠ ಓದುವಾಗ ಈ ಮುದುಕರನ್ನು ನೆನೆಯಬಹುದು. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಕಾಡು. ಆ ಕಾಡು ಕರಗಿದ ಜಾಗಗಳಲ್ಲಿ ಹುಲ್ಲು ಹಬ್ಬಿತು. ರ್ವೇಯ ಹೀಗೆ ಬೆಳೆಯಲು ಅದೂ ಒಂದು ಕಾರಣ.

ಹಾಯಾಗಳಲ್ಲಿ ಒಬ್ಬನೇ ರಾಜ ಇರಲಿಲ್ಲ. ಕಿಜೀಬಾ, ಇಹಂಗಿರೊ, ಕ್ಯಮುತ್ವಾರಾ ಮುಂತಾದ ಚಿಕ್ಕ ಚಿಕ್ಕ ರಾಜ್ಯಗಳು. ರಾಜನಿಗೆ ‘ಒಮುಕಾಮ’ ಎಂದು ಬಿರುದು. ನೆರೆಯ ಕರಗ್ವೆಯ ರಾಜ ರುಮನ್ಯಿಕ 1861ರಲ್ಲಿ ನೈಲ್ ನದಿಯ ಮೂಲ ಹುಡುಕುತ್ತಾ ಬಂದ ಸ್ಪೀಕ್ ಎಂಬ ಇಂಗ್ಲಿಷ್ ಪ್ರವಾಸಿಯನ್ನು ಸತ್ಕರಿಸಿದ್ದು ಪುಸ್ತಕಗಳಲ್ಲಿ ಬರುತ್ತದೆ. ಆದರೆ ಸ್ಪೀಕ್ ಬರುವ ಎಷ್ಟೋ ಮೊದಲೇ ಆ ದಾರಿಯನ್ನು ಜಾಂಜಿಬಾರಿನ ಮುಸ್ಲಿಂ ವರ್ತಕರು ತುಳಿದಿದ್ದರು. ಅವರಲ್ಲಿ ಒಬ್ಬ ನಮ್ಮ ದೇಶದವನು. ಸೂರತ್ತಿನ ಖೋಜಾ ವ್ಯಾಪಾರಿ, ಹೆಸರು ಮೂಸಾ. ಅಲ್ಲಿನ ಜನ ಅವನನ್ನು ‘ಮೂಸಾ ಮ್ಜೂರಿ’, ಅಂದರೆ ಚೆಲುವ ಮೂಸಾ, ಎಂದು ಕರೆಯುತ್ತಿದ್ದರು.

ಹಳೆಯ ನಂಬಿಕೆಯಲ್ಲಿ ರುಹಾಂಗ ಎಂಬ ಸೃಷ್ಟಿಕರ್ತನಿದ್ದ. ಅವನು ದೂರದವನು. ಹತ್ತಿರದವರೆಂದರೆ ವಮಾರ, ಸರೋವರದ ಒಡೆಯ ಮುಗಾಶ ಮುಂತಾದ ಶಕ್ತಿಗಳು. ಇವರು ಮನುಷ್ಯರ ಮೈಮೇಲೆ ಬಂದು ಮಾತಾಡುತ್ತಿದ್ದರು, ನಮ್ಮ ತುಳುನಾಡಿನ ದರ್ಶನದ ಹಾಗೆ. 19ನೇ ಶತಮಾನದಲ್ಲಿ ವರ್ತಕರ ಮೂಲಕ ಮತ್ತು ಉತ್ತರದ ಬುಗಾಂಡ ರಾಜ್ಯದ ಕಡೆಯಿಂದ ಇಸ್ಲಾಂ ಬಂತು. 1892ರಲ್ಲಿ ಕಶೋಜಿಯಲ್ಲಿ ಕ್ಯಾಥೊಲಿಕ್ ಪಾದ್ರಿಗಳು ನೆಲೆಯೂರಿದರು, ನಂತರ ಲುಥೆರನ್ನರು. ಶಾಲೆ, ಆಸ್ಪತ್ರೆ ಮಿಷನ್ನುಗಳ ಕೈಯಲ್ಲಿದ್ದುದರಿಂದ ಹೆಚ್ಚಿನ ಜನ ಕ್ರೈಸ್ತರಾದರು. ಆಧುನಿಕ ಕಾಲದ ಮೊದಲ ಆಫ್ರಿಕನ್ ಕಾರ್ಡಿನಲ್ ಲಾರಿಯನ್ ರುಗಾಂಬ್ವಾ, 1960ರಲ್ಲಿ ಆ ಪದವಿಗೇರಿದವರು, ಹಾಯಾ. ಜಾಗತಿಕ ಲುಥೆರನ್ ಒಕ್ಕೂಟದ ಮೊದಲ ಆಫ್ರಿಕನ್ ಅಧ್ಯಕ್ಷ ಬಿಷಪ್ ಜೋಸಾಯ ಕಿಬಿರಾ ಕೂಡ ಹಾಯಾ. ಮುಸಲ್ಮಾನರು ಅಲ್ಲಿ ಅಲ್ಪಸಂಖ್ಯಾತರು.

ಮೂರು ಧರ್ಮ ಬಂದರೂ ಕುಲದ ಕಟ್ಟು ಮಾತ್ರ ಸಡಿಲವಾಗಲಿಲ್ಲ. ಸತ್ತವರನ್ನು ಕಿಬಾಂಜದಲ್ಲೇ, ಬಾಳೆಗಳ ನಡುವೆ ಮಣ್ಣು ಮಾಡುವ ಪದ್ಧತಿ. ತಾತ ಮಲಗಿರುವ ಮಣ್ಣನ್ನು ಪರರಿಗೆ ಮಾರುವುದು ಹೇಗೆ? ಆದ್ದರಿಂದ ತೋಟ ಕುಲದ ಆಸ್ತಿ. ಮಗಳು ಮದುವೆಯಾಗಿ ಬೇರೆ ಕುಲಕ್ಕೆ ಹೋಗುವವಳಾದ್ದರಿಂದ ಅವಳಿಗೆ ಅದರಲ್ಲಿ ಪೂರ್ಣ ಹಕ್ಕಿಲ್ಲ. 1945ರಲ್ಲಿ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಹಾಯಾ ಸಂಪ್ರದಾಯದ ಕಾನೂನನ್ನು ಪುಸ್ತಕವಾಗಿ ಬರೆದರು. ಬಾಯಲ್ಲಿದ್ದಾಗ ಬಗ್ಗಬಹುದಾಗಿದ್ದ ಮಾತು ಅಚ್ಚಾದ ಮೇಲೆ ಗಟ್ಟಿಯಾಯಿತು ಎಂದು ನನಗೆ ಅನಿಸುತ್ತದೆ. ಸ್ವಾತಂತ್ರ್ಯದ ನಂತರ, 1963ರ ಸರ್ಕಾರಿ ಆದೇಶದಲ್ಲೂ ಅದೇ ನಿಯಮ: ಹೆಣ್ಣು ಕುಲದ ಭೂಮಿಯನ್ನು ಬದುಕಿರುವ ತನಕ ಉಪಯೋಗಿಸಬಹುದು, ಮಾರುವಂತಿಲ್ಲ. ಗಂಡಸಿಗೆ ಅಂಥ ತಡೆಯಿಲ್ಲ.

1983ರಲ್ಲಿ ತಾಂಜಾನಿಯದ ಮೊದಲ ಏಡ್ಸ್ ರೋಗಿಗಳು ಪತ್ತೆಯಾದದ್ದು ಇದೇ ಕಗೇರಾದಲ್ಲಿ. ಅದಕ್ಕೆ ಐದು ವರ್ಷ ಮೊದಲು, 1978ರಲ್ಲಿ, ಇದಿ ಅಮೀನನ ಸೈನ್ಯ ಗಡಿ ದಾಟಿ ಬಂದು ಹಳ್ಳಿಗಳನ್ನು ಲೂಟಿ ಮಾಡಿ ಹೋಗಿತ್ತು. ಯುದ್ಧದ ಬೆನ್ನಿಗೆ ರೋಗ. ದುಡಿಯುವ ವಯಸ್ಸಿನವರು ಸತ್ತರು, ಅಜ್ಜಿಯರು ಮೊಮ್ಮಕ್ಕಳನ್ನು ಸಾಕಿದರು. ಗಂಡ ಸತ್ತ ಹೆಂಗಸರನ್ನು, ವರ್ಷಗಟ್ಟಲೆ ಅವರೇ ಹುಲ್ಲು ಹೊತ್ತು ಉಳಿಸಿದ ತೋಟದಿಂದ ಗಂಡನ ಕಡೆಯವರು ಹೊರಗೆ ಕಳಿಸಿದ ಪ್ರಸಂಗಗಳು ನಡೆದವು.

ಇಂಥ ಕಾಲದಲ್ಲಿ, 1988ರಲ್ಲಿ, ಒಬ್ಬ ವೃದ್ಧೆ ತಂದೆ ಮರಣಶಾಸನದಲ್ಲಿ ತನಗೆ ಬಿಟ್ಟಿದ್ದ ಕುಲದ ಭೂಮಿಯನ್ನು ಮೂರು ಲಕ್ಷ ಶಿಲ್ಲಿಂಗಿಗೆ ಹೊರಗಿನವನೊಬ್ಬನಿಗೆ ಮಾರಿದಳು. ವಯಸ್ಸಾಗಿತ್ತು, ನೋಡಿಕೊಳ್ಳುವವರು ಇರಲಿಲ್ಲ. ಕುಲದ ಭೂಮಿ ಮಾರಲು ಹೆಣ್ಣಿಗೆ ಅಧಿಕಾರವಿಲ್ಲ ಎಂದು ಸಂಬಂಧಿಕನೊಬ್ಬ ದಾವೆ ಹೂಡಿದ. ಕೆಳಗಿನ ಕೋರ್ಟು ಮಾರಾಟ ಅಸಿಂಧು ಎಂದಿತು. ಜಿಲ್ಲಾ ಕೋರ್ಟು ಅದನ್ನು ತಿರುಗಿಸಿತು. ಮ್ವಾಂಜಾದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಮ್ವಾಲುಸಾನ್ಯಾ 1990ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟರು: ಸಂವಿಧಾನ ತಾರತಮ್ಯವನ್ನು ನಿಷೇಧಿಸಿದೆ, ಆದ್ದರಿಂದ ಮಾರುವ ಹಕ್ಕಿನಲ್ಲಿ ಹೆಣ್ಣು ಗಂಡು ಸಮಾನರು. ಕುಲದವರಿಗೆ ಭೂಮಿ ಬೇಕೆಂದರೆ, ಗಂಡಸು ಮಾರಿದಾಗ ಮಾಡುವ ಹಾಗೆ, ಬೆಲೆ ಕೊಟ್ಟು ಬಿಡಿಸಿಕೊಳ್ಳಬಹುದು. ಕಾನೂನು ಓದುವವರು ಇದನ್ನು ‘ಎಫ್ರಾಹಿಂ ವಿರುದ್ಧ ಪಾಸ್ಟರಿ’ ಎಂದು ಕರೆಯುತ್ತಾರೆ. ಆಫ್ರಿಕಾದ ಮಹಿಳಾ ಹಕ್ಕುಗಳ ಚರ್ಚೆಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. 1999ರ ಗ್ರಾಮ ಭೂಮಿ ಕಾಯ್ದೆ, ಹೆಂಗಸರಿಗೆ ಭೂಮಿ ನಿರಾಕರಿಸುವ ಸಂಪ್ರದಾಯ ಊರ್ಜಿತವಲ್ಲ ಎಂದು ಬರೆದಿಟ್ಟಿತು.

ಇಷ್ಟು ಹೇಳಿದಾಗ ತರಗತಿಯಲ್ಲಿ ಒಬ್ಬ ಹುಡುಗ ಹೆಮ್ಮೆಯಿಂದ ಎದ್ದು ನಿಂತು, “ಮೇಡಂ, ನಮ್ಮಲ್ಲಿ ಈ ಸಮಸ್ಯೆಯೇ ಇಲ್ಲ, ಸೂರಃ ಅನ್ನಿಸಾದಲ್ಲೇ ಮಗಳ ಪಾಲು ನಿಗದಿಯಾಗಿದೆ” ಎಂದ. ಅವನು ಹೇಳಿದ್ದು ಸರಿ. ಆಸ್ತಿ ಚಿಕ್ಕದಿರಲಿ ದೊಡ್ಡದಿರಲಿ, ಹೆಣ್ಣಿಗೆ ಅದರಲ್ಲಿ ಪಾಲಿದೆ. ತಾಂಜಾನಿಯದ ಕೋರ್ಟುಗಳಲ್ಲೂ, ಸತ್ತವನು ಮುಸ್ಲಿಮನಾಗಿದ್ದರೆ ಅವನ ಆಸ್ತಿಗೆ ಇಸ್ಲಾಮಿ ಕಾನೂನೋ ಕುಲದ ಸಂಪ್ರದಾಯವೋ ಎಂಬ ಪ್ರಶ್ನೆ ಏಳುತ್ತದೆ. ಆಗ ನ್ಯಾಯಾಧೀಶರು ಕೇಳುವುದು, ಅವನು ಬದುಕಿದ್ದು ಯಾವ ರೀತಿಯಲ್ಲಿ ಎಂದು. ಹೆಸರು ಮುಸ್ಲಿಮನದು ಎಂಬುದಷ್ಟೇ ಸಾಕಾಗುವುದಿಲ್ಲ.

ಆ ಹುಡುಗನಿಗೆ ನಾನು ಆ ದಿನ ಏನೂ ಹೇಳಲಿಲ್ಲ. ನನಗೆ ನೆನಪಾದದ್ದು ಮೂಡಿಗೆರೆ ಕಡೆ ಇರುವ ನಮ್ಮ ಫುಫು, ಅಬ್ಬಾರ ಅಕ್ಕ. ದಾದಾ ತೀರಿಕೊಂಡ ನಲವತ್ತನೆಯ ದಿನದ ಮೇಲೆ ಮನೆಯಲ್ಲಿ ಹಕ್ಕು ಬಿಡುಗಡೆ ಪತ್ರ ತಯಾರಾಗಿತ್ತು. ಎರಡೂವರೆ ಎಕರೆ ಕಾಫಿ. ಅದರ ಅರ್ಧದಷ್ಟು ಗಿಡ ಅವರು ಮದುವೆಗೆ ಮೊದಲು ದಾದಾನ ಜೊತೆ ನಿಂತು ಗುಂಡಿ ತೆಗೆದು ನೆಟ್ಟದ್ದು. ಯಾರೂ ಬಲವಂತ ಮಾಡಲಿಲ್ಲ. ಅಬ್ಬಾ ಮತ್ತು ಚಾಚಾ ಒಂದು ಸೀರೆ, ಒಂದು ಜೊತೆ ಬಳೆ ಕೊಟ್ಟರು. ಫುಫು ಹೆಬ್ಬೆಟ್ಟು ಒತ್ತಿ, “ಪಾಲು ತಗೊಂಡ್ರೆ ತವರು ಮನೆ ಬಾಗಿಲು ಮುಚ್ಚತ್ತೆ ಬೇಟಾ” ಎಂದು ನನಗೆ ಹೇಳಿದರು. ಆಗ ನಾನು ಪಿಯುಸಿಯಲ್ಲಿದ್ದೆ, ನಿಮ್ಮ ವಯಸ್ಸು. ನಾನೂ ಏನೂ ಕೇಳಲಿಲ್ಲ. ಅಬ್ಬಾ ಐದು ಹೊತ್ತು ನಮಾಜು ಬಿಡದವರು.

ಮುಂದಿನ ತಿಂಗಳು ‘ಕುಟುಂಬ ಮತ್ತು ಆಸ್ತಿ’ ಪಾಠ ಆರಂಭಿಸುತ್ತೇನೆ. ಅದಕ್ಕೆ ಬರುವಾಗ ಪ್ರತಿಯೊಬ್ಬರೂ ಮನೆಯಲ್ಲಿ ಜಮೀನಿದ್ದರೆ ಪಹಣಿಯ ಒಂದು ಪ್ರತಿ ನೋಡಿ ಬನ್ನಿ. ಜಮೀನಿಲ್ಲದವರು ಮನೆಯ ಖಾತೆ ಪತ್ರ ನೋಡಿ. ಪಹಣಿಯ 9ನೇ ಕಾಲಂನಲ್ಲಿ ಯಾರ ಯಾರ ಹೆಸರಿದೆ ಎಂದು ಬರೆದುಕೊಳ್ಳಿ. ಆಮೇಲೆ ಅದೇ ಹಾಳೆಯ ಹಿಂಬದಿಯಲ್ಲಿ, ಆ ಜಮೀನಿನಲ್ಲಿ ಈ ವರ್ಷ ಕಳೆ ತೆಗೆದವರ, ಗೊಬ್ಬರ ಹೊತ್ತವರ, ಹಣ್ಣು ಕೊಯ್ದವರ ಹೆಸರನ್ನೂ ಬರೆಯಿರಿ. ನನ್ನ ಹಾಳೆಯನ್ನೂ ತರುತ್ತೇನೆ.